ಗರಗಸ ಮನೆಯಲ್ಲಿ, ಬೆಂಕಿ ಅಲ್ಲಿ: ಗೊತ್ತಿಲ್ಲದ ಊರಿಗೆ ಹೋಗಿ ಆಭರಣ ತಯಾರಿಕೆಯ ತೀವ್ರ ಕೋರ್ಸ್ ಸೇರುವವರಿಗೆ

ಎರಡು ವಾರದ ಕೋರ್ಸ್, ವಾರಕ್ಕೆ ಐದು ದಿನ, ದಿನಕ್ಕೆ ಆರು ಗಂಟೆ ಅಂದರೆ ಲೆಕ್ಕಕ್ಕೆ 60 ಗಂಟೆ. ಮೇಷ್ಟರು ಮಾಡಿ ತೋರಿಸುವುದನ್ನು ನೋಡುವ ಹೊತ್ತು, ಗ್ಯಾಸ್ ಟಾರ್ಚಿಗೆ ಸರದಿ ಕಾಯುವ ಹೊತ್ತು, ಬೆಳ್ಳಿ ಆಮ್ಲದಲ್ಲಿ ನೆನೆಯುವ ಹೊತ್ತು, ಸಂಜೆ ಮೇಜು ಗುಡಿಸುವ ಹೊತ್ತು ಎಲ್ಲ ಕಳೆದರೆ ನಿಮ್ಮ ಕೈಗೆ ನಿಜವಾಗಿ ಸಿಗುವುದು 40 ಗಂಟೆ ಇದ್ದರೆ ಪುಣ್ಯ. ಈ 40 ಗಂಟೆಯನ್ನು ಎರಡು ಸಂಗತಿಗಳು ತಿನ್ನುತ್ತವೆ. ಒಂದು, ಮನೆಯಲ್ಲೇ ಕಲಿತು ಬರಬಹುದಾದ ಕೆಲಸವನ್ನು ಅಲ್ಲಿ ಮೊದಲಿಂದ ಶುರು ಮಾಡುವುದು. ಇನ್ನೊಂದು, ಹೊಸ ಊರಿನ ಗೋಜಲು: ದಾರಿ, ಕೋಣೆ, ಅಂಗಡಿ, ಬಟ್ಟೆ ಒಗೆಯುವ ಜಾಗ. ಎರಡಕ್ಕೂ ಮದ್ದು ಹೊರಡುವ ಮೊದಲೇ ಇದೆ. ಗರಗಸ ಹಿಡಿಯುವುದನ್ನು ಮನೆಯಲ್ಲಿ ಕಲಿಯಿರಿ, ಬೆಂಕಿಯನ್ನು ಅಲ್ಲಿಗೆ ಬಿಡಿ. ಬೆಸುಗೆಗೆ ಗಾಳಿಯಾಡುವ ಜಾಗ, ಒಳ್ಳೆಯ ಟಾರ್ಚ್, ಪಕ್ಕದಲ್ಲಿ ನಿಂತು ‘ಈಗ ತೆಗಿ’ ಅನ್ನುವವರು ಬೇಕು. ಗರಗಸಕ್ಕೆ ಒಂದು ಗಟ್ಟಿ ಮೇಜು ಸಾಕು.

ಹಣ ಕಟ್ಟುವ ಮೊದಲು ಕೇಳಬೇಕಾದ್ದು

ಕರಪತ್ರದ ಚಿತ್ರ ನೋಡಿ ಕೋರ್ಸ್ ಆರಿಸಬೇಡಿ. ಪತ್ರ ಬರೆದು ನೇರವಾಗಿ ಕೇಳಿ. ಒಬ್ಬರಿಗೆ ಒಂದು ಬೆಂಚ್ (ಆಭರಣ ಕೆಲಸದ ಮೇಜು) ಇದೆಯೇ, ಹಂಚಿಕೊಳ್ಳಬೇಕೇ? ಬೆಸುಗೆಯ ಜಾಗ ಎಷ್ಟು? ಹತ್ತು ಜನಕ್ಕೆ ಎರಡೇ ಟಾರ್ಚ್ ಅಂದರೆ ಎರಡನೇ ದಿನದಿಂದ ಅರ್ಧ ತರಗತಿ ಸಾಲಿನಲ್ಲಿ ನಿಂತಿರುತ್ತದೆ. ನಾಲ್ಕು ಇದ್ದರೆ ಪರವಾಗಿಲ್ಲ. ತರಗತಿ ಮುಗಿದ ಮೇಲೆ, ವಾರಾಂತ್ಯದಲ್ಲಿ ಕಾರ್ಯಾಗಾರ ತೆರೆದಿರುತ್ತದೆಯೇ, ತೆರೆದಿದ್ದರೆ ಟಾರ್ಚ್ ಬಳಸಲು ಬಿಡುತ್ತಾರೆಯೇ? ಶುಲ್ಕದಲ್ಲಿ ಲೋಹ ಸೇರಿದೆಯೇ, ಸೇರಿದ್ದರೆ ತಾಮ್ರವೋ ಬೆಳ್ಳಿಯೋ, ಎಷ್ಟು ಗ್ರಾಂ? ಕತ್ತರಿಸಿ ಉಳಿದ ಚೂರು ಮತ್ತು ಅರದ ಪುಡಿ ಯಾರಿಗೆ? ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದರೆ ಕಾರ್ಯಾಗಾರ ಶಿಸ್ತಿನದು ಎಂದು ತಿಳಿಯಬಹುದು.

ದಿನವಾರು ಪಾಠದ ಪಟ್ಟಿಯನ್ನೂ ತರಿಸಿಕೊಳ್ಳಿ. ಐದು ದಿನದಲ್ಲಿ ಬೆಸುಗೆ, ಹರಳು ಕೂರಿಸುವುದು, ಮೇಣದಲ್ಲಿ ಕೆತ್ತಿ ಎರಕ ಹೊಯ್ಯುವುದು, ಮೀನಾಕಾರಿ (ಲೋಹದ ಮೇಲೆ ಬಣ್ಣದ ಗಾಜು ಕರಗಿಸಿ ಹಚ್ಚುವುದು), ಸರಪಳಿ ಎಲ್ಲವನ್ನೂ ಕಲಿಸುತ್ತೇವೆ ಅನ್ನುವ ಪಟ್ಟಿ ಕಂಡರೆ ಅನುಮಾನಪಡಿ. ಅಲ್ಲಿ ಎಲ್ಲವನ್ನೂ ತೋರಿಸುತ್ತಾರೆ, ಯಾವುದೂ ಕೈಗೆ ಹತ್ತುವುದಿಲ್ಲ. ಹೊಸಬರಿಗೆ ಒಳ್ಳೆಯ ಐದು ದಿನ ಅಂದರೆ ಕತ್ತರಿಸು, ಅರ ಹಾಕು, ಕಾಯಿಸು, ಬಗ್ಗಿಸು, ಬೆಸೆ, ಉಜ್ಜು. ಇವನ್ನೇ ಮೂರು ಸಲ, ಮೂರು ಬೇರೆ ವಸ್ತುಗಳ ಮೇಲೆ ಮಾಡಿಸುವ ಕಡೆ ಸೇರಿ. ಪಾಠ ಯಾವ ಭಾಷೆಯಲ್ಲಿ ಎಂಬುದನ್ನೂ ಕೇಳಿ. ಕೈಕೆಲಸ ನೋಡಿಯೇ ಅರ್ಥವಾಗುತ್ತದೆ ನಿಜ, ಆದರೆ ‘ಗ್ಯಾಸ್ ಮುಚ್ಚು’ ಅನ್ನುವ ಮಾತು ಮೊದಲ ಸಲಕ್ಕೇ ತಿಳಿಯಬೇಕು.

ಹೊರಡುವ ಮೊದಲಿನ ಮೂರು ವಾರ

ಬೇಕಾದ್ದು ಇಷ್ಟು: ಒಂದು ಆಭರಣದ ಗರಗಸದ ಚೌಕಟ್ಟು, 3/0 ಅಳತೆಯ ಬ್ಲೇಡ್ ನಾಲ್ಕು ಡಜನ್, ಸಿ-ಕ್ಲಾಂಪ್‌ನಿಂದ ಮೇಜಿಗೆ ಬಿಗಿಯುವ ಬೆಂಚ್ ಪಿನ್ (ಮುಂದೆ ‘ವಿ’ ಆಕಾರದಲ್ಲಿ ಕೊರೆದ ಮರದ ತುಂಡು), 0.8 ಮಿ.ಮೀ ದಪ್ಪದ ತಾಮ್ರದ ತಗಡು ಒಂದು ಗೇಣು, ಸ್ವಲ್ಪ ಜೇನುಮೇಣ, ಒಂದು ಅರ್ಧಗುಂಡು ಅರ.

ಬ್ಲೇಡಿನ ಅಳತೆ ಮೊದಲಿಗೆ ತಲೆ ತಿರುಗಿಸುತ್ತದೆ. ಸೊನ್ನೆಯ ಮುಂದಿನ ಅಂಕಿ ಹೆಚ್ಚಿದಷ್ಟೂ ಬ್ಲೇಡ್ ಸಣ್ಣದು: 6/0 ಕೂದಲಿನಂತೆ, 2/0 ಅದಕ್ಕಿಂತ ಒರಟು. ಯಾವುದೇ ಹೊತ್ತಿನಲ್ಲಿ ತಗಡಿನ ದಪ್ಪದೊಳಗೆ ಎರಡು ಹಲ್ಲಾದರೂ ಇರಬೇಕು ಅನ್ನುವುದು ಲೆಕ್ಕ. ಇಲ್ಲದಿದ್ದರೆ ತಗಡಿನ ಅಂಚು ಎರಡು ಹಲ್ಲಿನ ನಡುವೆ ಸಿಕ್ಕಿ ಬ್ಲೇಡ್ ಟಕ್ಕೆಂದು ಮುರಿಯುತ್ತದೆ. 0.8 ಮಿ.ಮೀ ತಗಡಿಗೆ 3/0 ಅಥವಾ 4/0 ಸರಿಹೊಂದುತ್ತದೆ.

ಬ್ಲೇಡ್ ಹಾಕುವುದೇ ಮೊದಲ ಪಾಠ. ಹಲ್ಲುಗಳು ಚೌಕಟ್ಟಿನ ಬೆನ್ನಿನ ಕಡೆಗಲ್ಲ, ಹೊರಗೆ ನೋಡಬೇಕು. ಮತ್ತು ಹಿಡಿಯ ಕಡೆಗೆ, ಅಂದರೆ ಕೆಳಕ್ಕೆ ಬಾಗಿರಬೇಕು. ಕಣ್ಣಿಗೆ ಕಾಣದಿದ್ದರೆ ಬ್ಲೇಡನ್ನು ಬಟ್ಟೆಯ ಮೇಲೆ ಮೆಲ್ಲನೆ ಎಳೆದು ನೋಡಿ, ಯಾವ ದಿಕ್ಕಿನಲ್ಲಿ ಕಚ್ಚುತ್ತದೋ ಹಲ್ಲು ಆ ಕಡೆಗಿದೆ. ಮೇಲಿನ ತುದಿಯನ್ನು ತಿರುಪಿನಲ್ಲಿ ಬಿಗಿದು, ಚೌಕಟ್ಟಿನ ತಲೆಯನ್ನು ಮೇಜಿನ ಅಂಚಿಗೆ, ಹಿಡಿಯನ್ನು ಎದೆಗೆ ಒತ್ತಿಕೊಳ್ಳಿ. ಚೌಕಟ್ಟು ಸುಮಾರು 5 ಮಿ.ಮೀ ಕುಗ್ಗಿದಾಗ ಕೆಳತುದಿಯನ್ನು ಬಿಗಿದು ಕೈಬಿಡಿ. ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ‘ಟಿಣ್’ ಅನ್ನಬೇಕು. ‘ಡಬ್’ ಎಂದರೆ ಸಡಿಲ. ಸಡಿಲ ಬ್ಲೇಡ್ ಗೆರೆಯ ಮೇಲೆ ನಿಲ್ಲುವುದಿಲ್ಲ, ಬಾಗುತ್ತದೆ, ಬಾಗಿ ಮುರಿಯುತ್ತದೆ.

ಕೊಯ್ಯುವಾಗ ಹಿಡಿಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿಯಿರಿ. ಮುಂದಕ್ಕೆ ನೂಕಬೇಡಿ. ಬ್ಲೇಡ್ ಕಡಿಯುವುದು ಕೆಳಕ್ಕೆ ಹೋಗುವಾಗ ಮಾತ್ರ. ಮೇಲೆ ಬರುವಾಗ ಅದು ಸುಮ್ಮನೆ ಬರಲಿ. ಬ್ಲೇಡಿನ ಮುಕ್ಕಾಲು ಉದ್ದವನ್ನೂ ಬಳಸುವ ನಿಧಾನದ ಎಳೆತ ಬೇಕು. ಹೊಸಬರೆಲ್ಲ ನಡುವಿನ ಎರಡು ಸೆಂಟಿಮೀಟರಿನಲ್ಲೇ ಚುರುಚುರು ಕೊಯ್ದು ಅಲ್ಲಿನ ಹಲ್ಲು ಸವೆಸಿಬಿಡುತ್ತಾರೆ. ಬ್ಲೇಡಿನ ಬೆನ್ನಿಗೆ ಆಗಾಗ ಜೇನುಮೇಣ ಸವರಿ, ಹಲ್ಲಿಗೆ ಮೆತ್ತಬೇಡಿ. ಮೂಲೆ ತಿರುಗಿಸಬೇಕಾದರೆ ಗರಗಸ ನಿಂತ ಜಾಗದಲ್ಲೇ ಮೇಲೆ ಕೆಳಗೆ ಆಡುತ್ತಿರಲಿ, ಇನ್ನೊಂದು ಕೈ ತಗಡನ್ನು ನಿಧಾನ ತಿರುಗಿಸಲಿ. ಗರಗಸವನ್ನೇ ತಿರುಚಿದರೆ ಒಂದು ಬ್ಲೇಡ್ ಹೋಯಿತು ಅಂತಲೇ ಲೆಕ್ಕ. ಯಾವಾಗಲೂ ಗೆರೆಯ ಹೊರಗೆ, ಗೆರೆ ಕಾಣುವಂತೆ ಕೊಯ್ಯಿರಿ. ಗೆರೆ ಅರಕ್ಕೆ ಸೇರಿದ್ದು.

ಮೊದಲ ವಾರ ನೇರ ಗೆರೆಗಳು, ಒಂದಕ್ಕೊಂದು 2 ಮಿ.ಮೀ ದೂರದಲ್ಲಿ. ಎರಡನೇ ವಾರ ಅಲೆ ಮತ್ತು ವೃತ್ತ. ಮೂರನೇ ವಾರ ಒಳಗಿನಿಂದ ಕೊಯ್ಯುವುದು: ಮೊಳೆಯಂಥ ಪಂಚಿನಿಂದ ಒಂದು ಚುಕ್ಕಿ ಹೊಡೆದು, 1 ಮಿ.ಮೀ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ ತೂತಿನಲ್ಲಿ ತೂರಿಸಿ, ಮತ್ತೆ ಬಿಗಿದು ಒಳಗಿನ ಆಕಾರ ತೆಗೆಯುವುದು. ಚುಕ್ಕಿ ಹೊಡೆಯದೆ ಕೊರೆದರೆ ಡ್ರಿಲ್ ಬಿಟ್ ತಗಡಿನ ಮೇಲೆ ಜಾರಿ ಗೀರು ಎಳೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು. ಬ್ಲೇಡ್ ಮುರಿಯುತ್ತವೆ, ಮೊದಲ ದಿನ ಅರ್ಧ ಡಜನ್ ಹೋದರೂ ಬೇಸರ ಬೇಡ. ಮುರಿದ ತುದಿ ಹಾರುತ್ತದೆ, ಕನ್ನಡಕ ಹಾಕಿರಿ.

ಅರದ ಬಗ್ಗೆ ಒಂದೇ ಮಾತು: ಅದು ಮುಂದಕ್ಕೆ ನೂಕುವಾಗ ಮಾತ್ರ ಕಡಿಯುತ್ತದೆ. ಹಿಂದಕ್ಕೆ ಎಳೆಯುವಾಗ ಎತ್ತಿ.

ಚೀಲದಲ್ಲಿ ಏನು

ದೊಡ್ಡ ಸಾಮಾನನ್ನು ಅಲ್ಲಿ ಕೊಡುತ್ತಾರೆ. ಉಂಗುರದ ಉಕ್ಕಿನ ಕೋಲು, ಅಡಿಗಲ್ಲು, ಕೊಡತಿ, ತಂತಿ ಎಳೆಯುವ ಕಮ್ಮಚ್ಚು, ತಗಡು ತೆಳ್ಳಗೆ ಮಾಡುವ ರೋಲಿಂಗ್ ಮಿಲ್ ಹೊತ್ತುಕೊಂಡು ಹೋಗುವುದು ಹುಚ್ಚುತನ. ನಿಮ್ಮ ಕೈಗೆ ಹೊಂದಿಕೊಂಡಿರಬೇಕಾದವನ್ನು ಮಾತ್ರ ಒಯ್ಯಿರಿ: ಪಳಗಿದ ಗರಗಸದ ಚೌಕಟ್ಟು, ಬ್ಲೇಡ್, ಸಣ್ಣ ಅರಗಳ ಒಂದು ಜೊತೆ, ಚಿಮಟ, ವರ್ನಿಯರ್ ಕ್ಯಾಲಿಪರ್, 15 ಸೆಂ.ಮೀ ಉಕ್ಕಿನ ಅಳತೆಪಟ್ಟಿ, ಕೈವಾರ, ಗೀರು ಹಾಕುವ ಕಡ್ಡಿ, ಚೂಪಾದ ಅಳಿಸದ ಪೆನ್ನು. ಹಲ್ಲಿಲ್ಲದ ಬಾಯಿಯ ಎರಡು ಇಕ್ಕಳ: ಒಂದು ಚಪ್ಪಟೆ, ಒಂದು ಗುಂಡು ಮೂತಿ. ಹಲ್ಲಿರುವ ಇಕ್ಕಳ ಮೆತ್ತನೆಯ ಬೆಳ್ಳಿಯ ಮೇಲೆ ಅಚ್ಚು ಬಿಡುತ್ತದೆ, ಆ ಅಚ್ಚನ್ನು ಅರ ಹಾಕಿ ತೆಗೆಯುವುದರೊಳಗೆ ತಂತಿ ತೆಳ್ಳಗಾಗಿರುತ್ತದೆ. ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ 2 ರಿಂದ 2.5 ಪಟ್ಟಿನದು ಸಾಕು. ಇನ್ನೂ ಹೆಚ್ಚಾದರೆ ಮೂಗು ಬೆಂಚಿಗೆ ತಾಗುವಷ್ಟು ಬಗ್ಗಬೇಕಾಗುತ್ತದೆ.

ವಿಮಾನದಲ್ಲಿ ಹೋಗುವುದಾದರೆ ಬ್ಲೇಡ್, ಅರ, ಚೂಪಾದ ಉಪಕರಣ ಎಲ್ಲವೂ ಕೌಂಟರಿನಲ್ಲಿ ಒಪ್ಪಿಸುವ (ಚೆಕ್-ಇನ್) ಚೀಲಕ್ಕೆ. ಗ್ಯಾಸ್ ಕ್ಯಾನ್, ಆಮ್ಲ, ಉರಿಯುವ ದ್ರವ ಯಾವ ಚೀಲದಲ್ಲೂ ಬೇಡ. ಬೆಳ್ಳಿ ಒಯ್ಯುತ್ತಿದ್ದರೆ ಕೊಂಡ ರಸೀದಿ ಜೊತೆಗಿರಲಿ.

ಬಟ್ಟೆ ಹತ್ತಿಯದು. ನೈಲಾನ್, ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ತೋಳು ಸಡಿಲ ಬೇಡ, ಚಪ್ಪಲಿ ಬೇಡ, ಮುಚ್ಚಿದ ಬೂಟು ಬೇಕು. ಬಿಸಿ ಲೋಹ ಬೀಳುವುದು ಯಾವಾಗಲೂ ಪಾದದ ಮೇಲೆಯೇ. ಉದ್ದ ಕೂದಲಿಗೆ ರಬ್ಬರ್ ಬ್ಯಾಂಡ್ ನಾಲ್ಕೈದು, ಕಳೆದುಹೋಗುತ್ತವೆ.

ಊರಿಗೆ ಹೊಂದಿಕೊಳ್ಳಲು ಎರಡು ದಿನ

ತರಗತಿ ಸೋಮವಾರ ಶುರುವಾದರೆ ಶನಿವಾರ ಬೆಳಿಗ್ಗೆ ಅಲ್ಲಿರಿ. ಕೋಣೆ ಹುಡುಕುವಾಗ ಅಂದಕ್ಕಿಂತ ದೂರ ನೋಡಿ. ಕಾರ್ಯಾಗಾರಕ್ಕೆ ಅರ್ಧ ಗಂಟೆಯೊಳಗೆ, ಒಂದೇ ಬಸ್ಸಿನಲ್ಲೋ ನಡೆದೋ ಹೋಗುವಂತಿರಬೇಕು. ದಿನಕ್ಕೆ ಒಂದೂವರೆ ಗಂಟೆ ಓಡಾಟದಲ್ಲಿ ಹೋದರೆ ಎರಡು ವಾರದಲ್ಲಿ 15 ಗಂಟೆ. ಬೆಂಚಿನ ಮೇಲೆ ಎರಡೂವರೆ ದಿನ ಕಳೆದಷ್ಟು. ಕೋಣೆಯಲ್ಲಿ ಒಂದು ಗಟ್ಟಿ ಮೇಜು ಇದೆಯೇ ಎಂದು ಮೊದಲೇ ಕೇಳಿ, ಮೇಜಿನ ಹಲಗೆಯ ದಪ್ಪವನ್ನೂ ಕೇಳಿ. ಬೆಂಚ್ ಪಿನ್ನಿನ ಕ್ಲಾಂಪ್ ಬಾಯಿ ಅಷ್ಟು ತೆರೆಯದಿದ್ದರೆ ತಂದದ್ದು ವ್ಯರ್ಥ. ಕ್ಲಾಂಪ್ ಬಿಗಿಯುವಾಗ ನಡುವೆ ರಟ್ಟೋ ಮರದ ಚೂರೋ ಇಡಿ, ಮನೆಯವರ ಮೇಜಿಗೆ ಕಲೆಯಾದರೆ ಠೇವಣಿ ಹೋಗುತ್ತದೆ.

ಬಾಡಿಗೆ ಕೋಣೆಯಲ್ಲಿ ಬೆಸುಗೆ ಮಾಡಲೇಬೇಡಿ. ಸಣ್ಣ ಟಾರ್ಚ್ ಅಂತ ಸಮಾಧಾನ ಹೇಳಿಕೊಳ್ಳುವುದು ಬೇಡ. ಪ್ರೊಪೇನ್, ಬ್ಯುಟೇನ್ ಎರಡೂ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ, ಮಂಚದ ಕೆಳಗೆ ತುಂಬುತ್ತವೆ. ಕೋಣೆಯಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ: ಕೊಯ್ಯುವುದು, ಟ್ರೇ ಮೇಲೆ ಅರ ಹಾಕುವುದು, ಮೇಣ ಕೆತ್ತುವುದು, ಸ್ಯಾಂಡ್ ಪೇಪರಿನಿಂದ ಉಜ್ಜುವುದು, ಚಿತ್ರ ಬರೆಯುವುದು.

ಶನಿವಾರವೇ ಕಾರ್ಯಾಗಾರದ ದಾರಿಯನ್ನು ಒಮ್ಮೆ ಹೋಗಿ ಬನ್ನಿ, ಬಾಗಿಲು ಎಲ್ಲಿ, ಯಾವ ಮಹಡಿ ಎಂಬುದರ ತನಕ. ದಾರಿಯಲ್ಲಿ ನಾಲ್ಕು ಜಾಗ ಗುರುತು ಹಾಕಿಕೊಳ್ಳಿ: ಔಷಧಿ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಬಟ್ಟೆ ಒಗೆಯುವ ಜಾಗ, ತಡರಾತ್ರಿಯವರೆಗೆ ಊಟ ಸಿಗುವ ಜಾಗ. ಆಭರಣದ ಉಪಕರಣದ ಅಂಗಡಿ ಮತ್ತು ಲೋಹ ಮಾರುವವರ ವಿಳಾಸವನ್ನು ಕೋರ್ಸಿನವರಿಂದಲೇ ಪಡೆಯಿರಿ, ಅವರ ಬಾಗಿಲು ತೆರೆಯುವ ಹೊತ್ತನ್ನೂ. ಇಂಥ ಅಂಗಡಿಗಳು ಬಹುಪಾಲು ತರಗತಿಯ ಹೊತ್ತಿನಲ್ಲೇ ತೆರೆದು, ತರಗತಿ ಮುಗಿಯುವ ಹೊತ್ತಿಗೆ ಮುಚ್ಚಿರುತ್ತವೆ. ಬುಧವಾರ ಬೆಳ್ಳಿ ಮುಗಿದರೆ ಶನಿವಾರದ ತನಕ ಕೈಕಟ್ಟಿ ಕೂರಬೇಕು.

ಬೆಳ್ಳಿ ಕೊಳ್ಳುವ ಲೆಕ್ಕ ಸುಲಭ. ಆಭರಣಕ್ಕೆ ಬಳಸುವ 925 ಬೆಳ್ಳಿ, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಘನ ಸೆಂಟಿಮೀಟರಿಗೆ ಸುಮಾರು 10.4 ಗ್ರಾಂ ತೂಗುತ್ತದೆ. 60 ಮಿ.ಮೀ ಉದ್ದ, 5 ಮಿ.ಮೀ ಅಗಲ, 1.2 ಮಿ.ಮೀ ದಪ್ಪದ ಪಟ್ಟಿ 0.36 ಘನ ಸೆಂ.ಮೀ, ಹತ್ತಿರ ಹತ್ತಿರ 3.7 ಗ್ರಾಂ. ಹೀಗೆ ಲೆಕ್ಕ ಹಾಕಿ, ಮೇಲೆ ಮೂರನೇ ಒಂದು ಪಾಲು ಹೆಚ್ಚಿಗೆ ಕೊಳ್ಳಿ.

ಬೆಂಚಿನ ಮುಂದೆ ಮೊದಲ ದಿನ

ಆಭರಣದ ಬೆಂಚ್ ಮಾಮೂಲಿ ಮೇಜಿಗಿಂತ ಎತ್ತರ. ಕೂತಾಗ ಬೆಂಚ್ ಪಿನ್ ಎದೆಯ ಮಟ್ಟಕ್ಕೆ ಬರಬೇಕು, ಮೊಣಕೈ ಎರಡು ಪಕ್ಕದಲ್ಲಿ ಬೆಂಚಿಗೆ ಒರಗಬೇಕು. ಸ್ಟೂಲ್ ಎತ್ತರವಾದರೆ ನೀವು ಬಗ್ಗುತ್ತೀರಿ, ಮೂರನೇ ದಿನಕ್ಕೆ ಕುತ್ತಿಗೆ ಹಿಡಿಯುತ್ತದೆ. ಸಂಕೋಚ ಬಿಟ್ಟು ಮೊದಲ ಹತ್ತು ನಿಮಿಷ ಸ್ಟೂಲ್ ಸರಿಪಡಿಸಿಕೊಳ್ಳಲು ಕಳೆಯಿರಿ. ಆಮೇಲೆ ಇವು ಎಲ್ಲಿವೆ ನೋಡಿಕೊಳ್ಳಿ: ಗ್ಯಾಸಿನ ಮುಖ್ಯ ಕೀಲಿ, ಬೆಂಕಿ ಆರಿಸುವ ಉಪಕರಣ, ಕಣ್ಣು ತೊಳೆಯುವ ನೀರು, ಹೊರಹೋಗುವ ಬಾಗಿಲು. ಟಾರ್ಚ್ ಹೊತ್ತಿಸುವ ಮತ್ತು ಆರಿಸುವ ಕ್ರಮ ಯಾವ ಗ್ಯಾಸ್ ಅನ್ನುವುದರ ಮೇಲೆ ನಿಂತಿದೆ. ಬೇರೆಲ್ಲೋ ಕಲಿತದ್ದನ್ನು ಇಲ್ಲಿ ತರಬೇಡಿ, ಇಲ್ಲಿನವರು ಹೇಳಿದ ಕ್ರಮವನ್ನು ಬರೆದುಕೊಳ್ಳಿ.

ಕಾಯಿಸುವುದು

ಬಗ್ಗಿಸಿದಷ್ಟೂ, ಬಡಿದಷ್ಟೂ ಲೋಹ ಗಡುಸಾಗುತ್ತದೆ. ಗಡುಸಾದ ಮೇಲೂ ಬಡಿದರೆ ಅಂಚಿನಲ್ಲಿ ಬಿರುಕು. ಅದಕ್ಕೆ ನಡುನಡುವೆ ಕಾಯಿಸಿ ಮೆದು ಮಾಡಬೇಕು. 925 ಬೆಳ್ಳಿಗೆ ಸುಮಾರು 600 ರಿಂದ 650 ಡಿಗ್ರಿ ಸೆಲ್ಸಿಯಸ್ ಸಾಕು. ಥರ್ಮಾಮೀಟರ್ ಇರುವುದಿಲ್ಲ, ಕಣ್ಣೇ ಅಳತೆ. ದೀಪ ತಗ್ಗಿಸಿದ ಮೂಲೆಯಲ್ಲಿ ಲೋಹ ಮಾಸಲು ಕೆಂಪಾಗಿ ಮಿನುಗಿದರೆ ಆಯಿತು. ಕಿಟಕಿಯ ಬಿಸಿಲಿನಲ್ಲಿ ಆ ಕೆಂಪು ಕಾಣುವುದೇ ಇಲ್ಲ, ಕಾಣುವ ಹೊತ್ತಿಗೆ ಬೆಳ್ಳಿ ಕರಗುವ ಹಾದಿಯಲ್ಲಿರುತ್ತದೆ. ಕೆಂಪು ಮಾಯವಾದ ಮೇಲೆ ನೀರಿಗೆ ಹಾಕಿ. ಹಿತ್ತಾಳೆಯನ್ನು ಮಾತ್ರ ಕೆಂಪಗಿರುವಾಗ ನೀರಿಗೆ ಹಾಕಬೇಡಿ, ಒಡೆಯಬಹುದು.

ಬೆಸುಗೆ

ಬೆಸುಗೆ ಲೋಹವನ್ನು (ಬೆಳ್ಳಿಗಿಂತ ಮೊದಲು ಕರಗಿ ಎರಡು ತುಂಡು ಸೇರಿಸುವ ಲೋಹ) ಅಂಟು ಎಂದು ತಿಳಿದವರು ಸಂದು ಬಿಟ್ಟುಕೊಂಡು, ಮೇಲೆ ಚೂರು ಇಟ್ಟು, ಅದು ತುಂಬಿಕೊಳ್ಳಲಿ ಎಂದು ಕಾಯುತ್ತಾರೆ. ಬೆಸುಗೆ ಸಂದು ತುಂಬುವುದಿಲ್ಲ, ಬಿಗಿಯಾಗಿ ಸೇರಿದ ಎರಡು ಅಂಚುಗಳ ನಡುವೆ ಹರಿಯುತ್ತದೆ. ಉಂಗುರದ ಬಾಯಿಯನ್ನು ಮುಚ್ಚಿ ದೀಪದ ಎದುರು ಹಿಡಿಯಿರಿ. ನಡುವೆ ಬೆಳಕಿನ ಎಳೆ ಕಂಡರೆ ಇನ್ನೂ ಸಿದ್ಧವಾಗಿಲ್ಲ: ಗರಗಸದ ಬ್ಲೇಡನ್ನು ಆ ಸಂದಿನಲ್ಲೇ ಒಮ್ಮೆ ಎಳೆದು, ಎರಡೂ ಅಂಚು ಸಮ ಮಾಡಿ, ಮತ್ತೆ ಮುಚ್ಚಿ.

ಉದಾಹರಣೆಗೆ ಒಂದು ಉಂಗುರ. ಒಳವ್ಯಾಸ 17 ಮಿ.ಮೀ, ತಗಡಿನ ದಪ್ಪ 1.2 ಮಿ.ಮೀ. ಎರಡನ್ನೂ ಕೂಡಿ 3.14 ರಿಂದ ಗುಣಿಸಿ: 18.2 × 3.14, ಸುಮಾರು 57.1 ಮಿ.ಮೀ ಉದ್ದದ ಪಟ್ಟಿ ಬೇಕು. ದಪ್ಪ ಕೂಡಿಸುವುದನ್ನು ಮರೆತರೆ 53.4 ಬರುತ್ತದೆ, ಉಂಗುರ ಬೆರಳಿನ ಗೆಣ್ಣಿನಲ್ಲೇ ನಿಲ್ಲುತ್ತದೆ. ಹೊಸಬರ ಉಂಗುರ ಚಿಕ್ಕದಾಗುವುದು ಹೆಚ್ಚಾಗಿ ಇದರಿಂದಲೇ.

ಪಟ್ಟಿಯನ್ನು ಕಾಯಿಸಿ ಮೆದು ಮಾಡಿ, ಬಗ್ಗಿಸಿ, ತುದಿ ಎರಡೂ ಒಂದನ್ನೊಂದು ಒತ್ತುವಂತೆ ಕೂಡಿಸಿ. ಈ ಹಂತದಲ್ಲಿ ಗುಂಡಗೆ ಇರಬೇಕಿಲ್ಲ, ‘ಡಿ’ ಆಕಾರದಲ್ಲಿದ್ದರೂ ಸರಿ, ಸಂದು ಮುಖ್ಯ. ಬೆರಳಿನ ಎಣ್ಣೆ ಹೋಗುವಂತೆ ಸಂದನ್ನು ಉಜ್ಜಿ, ಆಮೇಲೆ ಮುಟ್ಟಬೇಡಿ. ಬಿಳಿಗಾರದ (ಬೋರಾಕ್ಸ್, ಬೆಸುಗೆ ಸರಿಯಾಗಿ ಹರಿಯಲೆಂದು ಹಚ್ಚುವುದು) ಕಡ್ಡಿಯನ್ನು ತಟ್ಟೆಯಲ್ಲಿ ನೀರು ಹಾಕಿ ಅರೆದು, ಹಾಲಿನ ಕೆನೆಯಷ್ಟು ದಪ್ಪ ಮಾಡಿ, ಸಂದಿನೊಳಗೂ ಸುತ್ತಲೂ ಸವರಿ. 1 ಮಿ.ಮೀ ಚೌಕದ ಗಟ್ಟಿ ಬೆಸುಗೆಯ (ಹೆಚ್ಚು ಬಿಸಿಯಲ್ಲಿ ಕರಗುವ ಬಗೆ) ಚೂರು ಎರಡು ಸಾಕು, ಸಂದಿನ ಮೇಲೆ ಕೂರಲಿ.

ಈಗ ಬೆಂಕಿ. ಮೊದಲು ದೂರದಿಂದ. ಬಿಳಿಗಾರದ ನೀರು ಕುದಿದು ಬಿಳಿಯಾಗಿ ಉಬ್ಬುತ್ತದೆ, ಚೂರು ಪಕ್ಕಕ್ಕೆ ಜರುಗಬಹುದು. ಚಿಮಟದಿಂದ ತಳ್ಳಿ ಸ್ವಸ್ಥಾನಕ್ಕೆ ತನ್ನಿ. ಈ ಹೊತ್ತಿನಲ್ಲಿ ಅವಸರ ಮಾಡಿದರೆ ಚೂರು ಹಾರಿಯೇ ಹೋಗುತ್ತದೆ. ಆಮೇಲೆ ಜ್ವಾಲೆಯನ್ನು ಉಂಗುರದ ಸುತ್ತ ಆಡಿಸಿ, ಸಂದಿನ ಮೇಲೆ ನಿಲ್ಲಿಸಬೇಡಿ. ಲೋಹಗಳಲ್ಲೆಲ್ಲ ಶಾಖವನ್ನು ಬೇಗ ಸಾಗಿಸುವುದು ಬೆಳ್ಳಿ. ಒಂದು ಕಡೆ ಕೊಟ್ಟ ಬಿಸಿ ಉಂಗುರಕ್ಕೆಲ್ಲ ಹರಿದುಹೋಗುತ್ತದೆ, ಇಡೀ ಉಂಗುರ ಕಾದಾಗ ಮಾತ್ರ ಸಂದು ಕಾಯುತ್ತದೆ. ಜ್ವಾಲೆಯೊಳಗಿನ ಸಣ್ಣ ನೀಲಿ ಮೊನೆಯ ತುದಿಯಿಂದ ಸ್ವಲ್ಪ ಮುಂದಿನ ಜಾಗವೇ ಅತಿ ಬಿಸಿ, ಮೊನೆಯೊಳಗಲ್ಲ. ಬಿಳಿಗಾರ ತಿಳಿಯಾಯಿತು, ಉಂಗುರ ಮಾಸಲು ಕೆಂಪಾಯಿತು ಅನ್ನುವಾಗ ಜ್ವಾಲೆಯನ್ನು ಸಂದಿನ ಕಡೆ ತನ್ನಿ. ಚೂರು ಮೊದಲು ಗುಂಡಗಾಗುತ್ತದೆ, ಕ್ಷಣ ಬಿಟ್ಟು ಮಿಂಚಿನ ಗೆರೆಯೊಂದು ಸಂದಿನುದ್ದಕ್ಕೂ ಓಡುತ್ತದೆ. ಕಂಡ ಕೂಡಲೇ ಜ್ವಾಲೆ ತೆಗೆಯಿರಿ. ಬೆಳ್ಳಿಯ ಮೈಯೇ ಕನ್ನಡಿಯಂತೆ ಅಲುಗಲು ಶುರುವಾದರೆ ತಡವಾಗಿದೆ, ಅದು ಕರಗುತ್ತಿದೆ.

ಕೆಟ್ಟಾಗ ಏನು ನೋಡಬೇಕು? ಚೂರು ಗುಂಡಾಗಿ ಹಾಗೇ ಕೂತಿದ್ದರೆ ಅದು ಕರಗಿದೆ, ಉಂಗುರ ಕಾದಿಲ್ಲ. ಅಥವಾ ಬಿಳಿಗಾರ ಸುಟ್ಟು ಕಪ್ಪಾಗಿದೆ. ಮತ್ತೆ ಮತ್ತೆ ಕಾಯಿಸಿ ಪ್ರಯೋಜನವಿಲ್ಲ. ನಿಲ್ಲಿಸಿ, ತೊಳೆದು, ಹೊಸದಾಗಿ ಬಿಳಿಗಾರ ಹಚ್ಚಿ. ಬೆಸುಗೆ ಒಂದೇ ಪಕ್ಕಕ್ಕೆ ಹರಿದಿದ್ದರೆ ಆ ಪಕ್ಕ ಹೆಚ್ಚು ಬಿಸಿಯಾಗಿತ್ತು: ಬೆಸುಗೆ ಬಿಸಿಯ ಹಿಂದೆ ಹೋಗುತ್ತದೆ. ದಪ್ಪ ತಗಡಿಗೆ ತೆಳು ತಂತಿ ಬೆಸೆಯುವಾಗ ಇದು ಹೆಚ್ಚು. ಆಗ ಬೆಂಕಿ ದಪ್ಪದ್ದಕ್ಕೆ ಕೊಡಿ, ತಂತಿ ತಾನಾಗಿ ಕಾಯುತ್ತದೆ. ಬೆಸುಗೆಯ ಗೆರೆಯಲ್ಲಿ ಸಣ್ಣ ಗುಂಡಿಗಳು ಬಿದ್ದಿದ್ದರೆ ಅತಿ ಬಿಸಿ ಕೊಟ್ಟಿದ್ದೀರಿ ಅಥವಾ ಸಂದಿನಲ್ಲಿ ಕೊಳೆ ಇತ್ತು. ಸೀಸ, ತವರ ಸೇರಿದ ಎಲೆಕ್ಟ್ರಾನಿಕ್ಸ್ ಬೆಸುಗೆಯನ್ನು ಬೆಳ್ಳಿಯ ಹತ್ತಿರ ತರಲೇಬೇಡಿ. ಅದರ ಒಂದು ಚೂರು ಉಳಿದಿದ್ದರೂ ಮುಂದಿನ ಸಲ ಕಾಯಿಸುವಾಗ ಬೆಳ್ಳಿಯನ್ನು ಕೊರೆದು ಹೊಂಡ ಮಾಡುತ್ತದೆ.

ಒಂದೇ ವಸ್ತುವಿನಲ್ಲಿ ಹಲವು ಬೆಸುಗೆ ಇದ್ದರೆ ಮೊದಲು ಗಟ್ಟಿ, ಆಮೇಲೆ ಮಧ್ಯಮ, ಕೊನೆಗೆ ಸುಲಭ. ಈ ಹೆಸರು ಗಡಸುತನದ್ದಲ್ಲ, ಕರಗುವ ಬಿಸಿಯದು. ಗಟ್ಟಿ ಬೆಸುಗೆ ಎಲ್ಲಕ್ಕಿಂತ ಹೆಚ್ಚು ಬಿಸಿಯಲ್ಲಿ ಹರಿಯುತ್ತದೆ. ಮೂರೂ ನೋಡಲು ಒಂದೇ ಥರ. ಪಟ್ಟಿ ಕೈಗೆ ಬಂದ ಕೂಡಲೇ ಗೀರುಕಡ್ಡಿಯಿಂದ ಉದ್ದಕ್ಕೂ ಗುರುತು ಹಾಕಿ, ಬೇರೆ ಬೇರೆ ಡಬ್ಬಿಯಲ್ಲಿಡಿ. ಹಳೆಯ ಡಬ್ಬಿಯಲ್ಲಿ ಕ್ಯಾಡ್ಮಿಯಂ ಇರುವ ಬೆಸುಗೆ ಸಿಕ್ಕರೆ ಬಳಸಬೇಡಿ, ಹೊಗೆ ವಿಷ. ಟೊಳ್ಳು ಗುಂಡು ಬೆಸೆಯುವಾಗ ಗಾಳಿ ಹೋಗಲು ಒಂದು ತೂತು ಬಿಡಲೇಬೇಕು. ಮುಚ್ಚಿದ ಗುಂಡಿನೊಳಗಿನ ಗಾಳಿ ಕಾದು ಅದನ್ನು ಸಿಡಿಸಬಲ್ಲದು.

ಬೆಸುಗೆಯ ನಂತರದ ಕಪ್ಪು ಮತ್ತು ಗಾಜಿನಂಥ ಬಿಳಿಗಾರ ಹೋಗುವುದು ಪಿಕಲ್ ಎನ್ನುವ ಬೆಚ್ಚನೆಯ ಆಮ್ಲದಲ್ಲಿ. ಹೆಚ್ಚಿನ ಕಡೆ ಅದು ಸೋಡಿಯಂ ಬೈಸಲ್ಫೇಟ್, ಕೆಲವೆಡೆ ಸಿಟ್ರಿಕ್ ಆಮ್ಲ. ಕೆಂಪಗೆ ಕಾದದ್ದನ್ನು ನೇರ ಅದರೊಳಗೆ ಹಾಕಬೇಡಿ, ಮೊದಲು ನೀರು. ಉಕ್ಕಿನ ಚಿಮಟ, ಕಟ್ಟಿದ ಕಬ್ಬಿಣದ ತಂತಿ ಒಳಗೆ ಹೋಗಬಾರದು. ಹೋದರೆ ದ್ರಾವಣದಲ್ಲಿ ಕರಗಿರುವ ತಾಮ್ರ ಬಂದು ಬೆಳ್ಳಿಯ ಮೇಲೆಲ್ಲ ಕೂರುತ್ತದೆ, ನಿಮ್ಮ ಉಂಗುರದ ಜೊತೆ ಆಗ ಅಲ್ಲಿರುವ ಎಲ್ಲರ ಉಂಗುರವೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತರಗತಿಯಲ್ಲಿ ಹೆಸರು ಕೆಡಿಸಿಕೊಳ್ಳಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಚಿಮಟ ಬಳಸಿ, ತೆಗೆದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಹರಳು, ಉಜ್ಜು

ಹರಳು ಕೂರಿಸುವುದು ಎಲ್ಲ ಬೆಸುಗೆ ಮುಗಿದ ಮೇಲೆ. ಮುತ್ತು, ಓಪಲ್, ವೈಡೂರ್ಯದಂತೆ ಮಾರುವ ಬಣ್ಣದ ಗಾಜು, ಅಂಬರು ಯಾವುದೂ ಜ್ವಾಲೆ ತಡೆಯುವುದಿಲ್ಲ, ಆಮ್ಲವೂ ಕೂಡದು. ಗುಮ್ಮಟದಂಥ ಹರಳಿಗೆ ಗೂಡು ಕಟ್ಟುವಾಗ 0.3 ಮಿ.ಮೀ ದಪ್ಪದ 999 (ಬಹುತೇಕ ಶುದ್ಧ) ಬೆಳ್ಳಿಯ ಪಟ್ಟಿ ಒಳ್ಳೆಯದು, ಮೆತ್ತಗೆ ಬಾಗುತ್ತದೆ. ಗೂಡಿನ ಎತ್ತರ ಹರಳಿನ ಮೂರನೇ ಒಂದು ಪಾಲು ಇದ್ದರೆ ಸಾಕು. ಸರಿಹೊಂದುತ್ತದೆಯೇ ಎಂದು ಹರಳನ್ನು ಗೂಡಿಗೆ ಹಾಕಿ ನೋಡುವ ಮೊದಲು ಕೆಳಗೆ ಹಲ್ಲು ಶುಚಿ ಮಾಡುವ ದಾರವೊಂದನ್ನು ಅಡ್ಡ ಹಾಕಿ, ಎರಡು ತುದಿ ಹೊರಗಿರಲಿ. ಹರಳು ಸಿಕ್ಕಿಕೊಂಡರೆ ದಾರ ಎಳೆದು ತೆಗೆಯಬಹುದು.

ಸ್ಯಾಂಡ್ ಪೇಪರ್ 400, 600, 800, 1200 ಹೀಗೆ ಸಾಲಾಗಿ, ಅಂಕಿ ಹೆಚ್ಚಿದಷ್ಟೂ ನಯ. ಪ್ರತಿ ಸಲ ಹಿಂದಿನದಕ್ಕೆ ಅಡ್ಡ ದಿಕ್ಕಿನಲ್ಲಿ ಉಜ್ಜಿ, ಹಿಂದಿನ ಗೀರು ಪೂರ್ತಿ ಹೋದ ಮೇಲೆ ಮುಂದಿನದು. ಒಂದನ್ನು ಹಾರಿಸಿದರೆ ಮೆರುಗು ಬಂದ ಮೇಲೆ ಗೀರು ಎದ್ದು ಕಾಣುತ್ತದೆ, ಮತ್ತೆ ಕೆಳಗಿನಿಂದ ಬರಬೇಕು. ಮೆರುಗಿನ ಮೋಟಾರಿನ ಮುಂದೆ ಕೂದಲು ಕಟ್ಟಿರಿ, ಕೈಗವಸು ಹಾಕಬೇಡಿ: ಚಕ್ರ ಬಟ್ಟೆ ಹಿಡಿದರೆ ಬೆರಳನ್ನೂ ಜೊತೆಗೆ ಎಳೆಯುತ್ತದೆ. ವಸ್ತುವನ್ನು ಚಕ್ರದ ಕೆಳಭಾಗದಲ್ಲಿ, ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ. ಸಡಿಲ ಸರಪಳಿಯನ್ನು ಚಕ್ರಕ್ಕೆ ಕೊಡಲೇಬೇಡಿ.

ಕೈ, ಕಣ್ಣು, ಸಂಜೆ

ಮೂರನೇ ಅಥವಾ ನಾಲ್ಕನೇ ದಿನ ಎಲ್ಲ ಕೆಡುತ್ತದೆ. ಬ್ಲೇಡ್ ಮುರಿಯುತ್ತವೆ, ಬೆಸುಗೆ ಹರಿಯುವುದಿಲ್ಲ. ಪ್ರತಿಭೆಯ ಕೊರತೆಯಲ್ಲ ಅದು, ಹೆಬ್ಬೆರಳಿನ ಬುಡದ ಸ್ನಾಯು ದಣಿದಿದೆ ಅಷ್ಟೆ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಕೈ ಬಿಡಿಸಿ, ದೂರ ನೋಡಿ. ಸಂಜೆ ಟಾರ್ಚಿನ ಕೊನೆಯ ಸರದಿಗೆ ಆಸೆಪಟ್ಟು ದಣಿದ ಕೈಯಿಂದ ಬೆಸುಗೆಗೆ ನಿಲ್ಲಬೇಡಿ. ಮೂರು ದಿನದ ಕೆಲಸ ಮೂರು ಸೆಕೆಂಡಿನಲ್ಲಿ ಗುಂಡು ಬೆಳ್ಳಿಯಾಗುವುದು ಆ ಹೊತ್ತಿನಲ್ಲೇ. ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಊಟಕ್ಕೆ ಮೊದಲು ಉಗುರಿನ ಸಂದಿ ಸೇರಿಸಿ ಕೈ ತೊಳೆಯಿರಿ, ಏಪ್ರನ್ ಬಿಚ್ಚಿಟ್ಟೇ ಹೊರಬನ್ನಿ. ಬೂಟಿನ ಅಡಿ ಉಜ್ಜದಿದ್ದರೆ ಲೋಹದ ಸಿಬಿರು ಕೋಣೆಯ ಹಾಸಿನಲ್ಲಿ ಸಿಗುತ್ತದೆ, ಬರಿಗಾಲಿಗೆ.

ರಾತ್ರಿ ಹತ್ತು ನಿಮಿಷ ಪುಸ್ತಕದಲ್ಲಿ ಬರೆಯಿರಿ: ತಗಡಿನ ದಪ್ಪ, ಬ್ಲೇಡಿನ ಅಳತೆ, ಯಾವ ಬೆಸುಗೆ, ಎಷ್ಟು ಚೂರು, ಏನು ಕೆಟ್ಟಿತು. ಕೆಟ್ಟ ತುಂಡನ್ನೂ ಎಸೆಯದೆ ಪುಟಕ್ಕೆ ಟೇಪ್ ಹಚ್ಚಿ ಅಂಟಿಸಿ. ಮೇಷ್ಟರು ಮಾಡಿ ತೋರಿಸುವಾಗ ವಿಡಿಯೊ ಮಾಡಬಹುದೇ ಎಂದು ಕೇಳಿಕೊಳ್ಳಿ, ಒಪ್ಪಿದರೆ ಅವರ ಮುಖ ಬೇಡ, ಕೈಯನ್ನು ಮತ್ತು ಜ್ವಾಲೆಯ ಬಣ್ಣವನ್ನು ಹಿಡಿಯಿರಿ.

ಕೊನೆಯ ಎರಡು ದಿನ ಹೊಸ ವಸ್ತು ಶುರು ಮಾಡಬೇಡಿ. ಬೆಸುಗೆ ಬಾಕಿ ಇರುವುದನ್ನೆಲ್ಲ ಕೊನೆಯ ದಿನದ ಮಧ್ಯಾಹ್ನದೊಳಗೆ ಮುಗಿಸಿ, ಉಜ್ಜುವುದನ್ನು ಮನೆಗೆ ಒಯ್ಯಿರಿ. ಅದಕ್ಕೆ ಬೆಂಕಿ ಬೇಡ. ಬೆಂಚಿನ ಚರ್ಮದ ಜೋಳಿಗೆಯಲ್ಲಿ ಬಿದ್ದ ನಿಮ್ಮ ಬೆಳ್ಳಿಯ ಚೂರನ್ನು ಕುಂಚದಿಂದ ಗುಡಿಸಿ, ಅಯಸ್ಕಾಂತ ಆಡಿಸಿ ಮುರಿದ ಬ್ಲೇಡಿನ ತುಂಡು ಬೇರೆ ಮಾಡಿ. ಬೆಸುಗೆ ಹತ್ತಿದ ಚೂರು ಒಂದು ಪೊಟ್ಟಣ, ಬೆಸುಗೆಯಿಲ್ಲದ ಶುದ್ಧ ಚೂರು ಇನ್ನೊಂದು ಪೊಟ್ಟಣ. ಮೇಲೆ 925 ಎಂದು ಬರೆದು, ತೂಕ ಹಾಕಿಸಿ ಚೀಲಕ್ಕೆ ಸೇರಿಸಿ.